ತಾಮ್ರ, ಲೇಸರ್ ಮತ್ತು ಹನ್ನೊಂದು ವಾರದ ಡೈರಿ

ಕೆಲಸ ಇನ್ನೂ ಮುಗಿದಿಲ್ಲ. ಆದರೂ ಬರೆದಿಡುತ್ತಿದ್ದೇನೆ, ಯಾಕೆಂದರೆ ಲ್ಯಾಬ್ ನೋಟ್‌ಬುಕ್ಕಿನಲ್ಲಿ ನಾನೇ ಬರೆದ ಅರ್ಧ ಸಾಲುಗಳು ಈಗ ನನಗೇ ನಗು ತರಿಸುತ್ತಿವೆ. ಜುಲೈ 9ರ ಪುಟದಲ್ಲಿ "ಗಾಜು ಮತ್ತೆ ತಿರುಗಿದೆ!!" ಅಂತ ಎರಡು ಆಶ್ಚರ್ಯಚಿಹ್ನೆ ಹಾಕಿ ಬರೆದಿದ್ದೇನೆ. ಗಾಜು ತಿರುಗಿರಲೇ ಇಲ್ಲ. ಅದು ಗೊತ್ತಾಗಲು ಇನ್ನೂ ಎರಡು ವಾರ ಬೇಕಾಯಿತು.

ಕೆಲಸ ಇಷ್ಟು. ವ್ಯಾಕ್ಯೂಮ್ ಚೇಂಬರಿನೊಳಗೆ ತಾಮ್ರದ ತುಂಡು ಇಡಬೇಕು. ಲೇಸರ್‌ನಿಂದ ಅದಕ್ಕೆ ಹೊಡೆಯಬೇಕು. ಮೇಲ್ಮೈಯ ತಾಮ್ರ ಕಾಯ್ದು ಆವಿಯಾಗಿ, ಆ ಆವಿ ಪ್ಲಾಸ್ಮಾ (ಎಲೆಕ್ಟ್ರಾನ್‌ಗಳೂ, ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳು ಅಂದರೆ ಅಯಾನುಗಳೂ ಬೆರೆತ ಅನಿಲ) ಆಗಿ ಹಾರುತ್ತದೆ. ಅದು ಎಷ್ಟು ವೇಗವಾಗಿ, ಯಾವ ಕಡೆಗೆ, ಯಾವ ಆಕಾರದಲ್ಲಿ ಹರಡುತ್ತದೆ ಅಂತ ಅಳೆಯಬೇಕು. ನಮ್ಮ ಗುಂಪಿಗೆ ಇದು ಬೇಕಾದದ್ದು ತೆಳು ಪದರ ಕೂರಿಸುವ ಕೆಲಸಕ್ಕೆ. 1987ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಟೆಲಿಫೋನ್ ಸಂಶೋಧನಾ ಸಂಸ್ಥೆ ಬೆಲ್‌ಕೋರ್‌ನಲ್ಲಿ ಟಿ. ವೆಂಕಟೇಶನ್ ಮತ್ತು ಸಂಗಡಿಗರು ಲೇಸರ್‌ನಿಂದ ಹೊಡೆದು ಸೂಪರ್‌ಕಂಡಕ್ಟರ್ (ತೀರ ತಣ್ಣಗಾದಾಗ ತಡೆಯಿಲ್ಲದೆ ವಿದ್ಯುತ್ ಹರಿಸುವ ವಸ್ತು) ಪದರ ಮಾಡಿ ತೋರಿಸಿದ ಮೇಲೆ ಈ ವಿಧಾನ ಊರೂರಿನ ಲ್ಯಾಬಿಗೆ ಹಬ್ಬಿತು. ಪದರ ಎಲ್ಲಿ ದಪ್ಪ, ಎಲ್ಲಿ ತೆಳು ಅನ್ನುವುದು ಈ ಪ್ಲಾಸ್ಮಾ ಹೇಗೆ ಹರಡುತ್ತದೆ ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ಮೊದಲು ಅದನ್ನು ಅಳೆ, ಆಮೇಲೆ ಪದರ ಮಾಡು ಅಂತ ನನ್ನ ಪಾಲಿಗೆ ಬಂತು.

ಜೂನ್ 10: ಸಾಮಾನು

ಚೇಂಬರ್ ಹಳೆಯದು. ಒಂದು ಲೋಹಲೇಪನ ಯಂತ್ರ ಕೆಟ್ಟು ಮೂಲೆಗೆ ಬಿದ್ದಿತ್ತು, ಅದರ ಸ್ಟೀಲ್ ಡಬ್ಬಿ ತೆಗೆದುಕೊಂಡೆ. ವ್ಯಾಸ 30 ಸೆಂ.ಮೀ., ಸುತ್ತ ಆರು ಬಾಯಿ. ಮೊದಲ ಹಂತದ ಗಾಳಿ ತೆಗೆಯುವ ರೋಟರಿ ಪಂಪ್, ಆಮೇಲೆ ಒತ್ತಡ ಇನ್ನೂ ಕೆಳಗಿಳಿಸುವ ಟರ್ಬೊ ಪಂಪ್ ಇದ್ದವು. ಲೇಸರ್ ಕೂಡ ಇತ್ತು: ಎನ್‌ಡಿ-ಯಾಗ್, 1064 ನ್ಯಾನೊಮೀಟರ್, ಒಂದು ಪಲ್ಸ್ 7 ನ್ಯಾನೊಸೆಕೆಂಡ್, ಸೆಕೆಂಡಿಗೆ 10 ಪಲ್ಸ್. ಕಿರಣದ ಅಗಲ 8 ಮಿ.ಮೀ.

ಕೊಂಡದ್ದು: ಲೇಸರ್ ಒಳಗೆ ಹೋಗಲು ಗಾಜಿನ ಕಿಟಕಿ 4,200 ರೂ., ವ್ಯಾಕ್ಯೂಮಿನಿಂದ ತಂತಿ ಹೊರತರುವ ಬಿಎನ್‌ಸಿ ಫೀಡ್‌ಥ್ರೂ 6,500 ರೂ., ಬಾಯಿಗಳಲ್ಲಿ ಗಾಳಿ ಸೋರದಂತೆ ಕೂರಿಸುವ ವೈಟಾನ್ ರಬ್ಬರಿನ ಓ-ರಿಂಗ್ ಸೆಟ್ 1,100 ರೂ., ಲೇತ್ ಕೆಲಸ 3,800 ರೂ. ತಾಮ್ರಕ್ಕೆ ವಿದ್ಯುತ್ ಪ್ಯಾನೆಲ್ ಮಾಡುವವರ ಹತ್ತಿರ ಬಸ್‌ಬಾರ್ (ತಾಮ್ರದ ದಪ್ಪ ಪಟ್ಟಿ) ತುಂಡು ಕೇಳಿದೆ, 350 ರೂ. 5 ಸೆಂ.ಮೀ. ಚೌಕದ ಗಾಜು 120 ರೂ. ಕೆಪಾಸಿಟರ್, ರೆಸಿಸ್ಟರ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 40 ರೂ. ಈ 40 ರೂಪಾಯಿಯ ಸಾಮಾನೇ ಎಲ್ಲಕ್ಕಿಂತ ಜಾಸ್ತಿ ಕಾಟ ಕೊಟ್ಟಿತು. ಆ ಮಾತು ಆಮೇಲೆ.

ಜೂನ್ 17: ಗಾಳಿ ತೆಗೆಯುವುದು

ಎಲ್ಲ ಬಾಯಿಗಳನ್ನೂ ಮುಚ್ಚಿ ರೋಟರಿ ಪಂಪ್ ಹಾಕಿದೆ. 0.09 ಮಿಲಿಬಾರ್‌ಗೆ ಬಂದು ನಿಂತಿತು. ಮರುದಿನವೂ ಅಷ್ಟೇ. ಮಳೆಗಾಲ, ಗೋಡೆಗೆ ತೇವ ಅಂಟಿರುತ್ತದೆ, ಇಳಿಯಲು ಹೊತ್ತು ಬೇಕು ಅಂತ ಸಮಾಧಾನ ಮಾಡಿಕೊಂಡೆ. ಮೂರನೇ ದಿನವೂ ಅಲ್ಲೇ ಕೂತಿತ್ತು. ಈ ಒತ್ತಡಕ್ಕೆ ಟರ್ಬೊ ಹಾಕಲು ಧೈರ್ಯ ಬರಲಿಲ್ಲ.

ತಪ್ಪು ನನ್ನದೇ. ಓ-ರಿಂಗ್‌ಗಳನ್ನು ಶುಚಿ ಮಾಡುತ್ತೇನೆ ಅಂತ ಅಸಿಟೋನ್‌ನಲ್ಲಿ ಅದ್ದಿ ಒರೆಸಿದ್ದೆ. ವೈಟಾನ್‌ಗೂ ಅಸಿಟೋನ್‌ಗೂ ಆಗಿಬರುವುದಿಲ್ಲ. ರಬ್ಬರ್ ಊದಿಕೊಂಡು ತನ್ನ ಕಾಲುವೆಯಿಂದ ಅರ್ಧ ಆಚೆ ಬಂದಿತ್ತು. ಸ್ಟೀಲನ್ನು ಅಸಿಟೋನ್‌ನಿಂದ ಒರೆಸಿ, ಓ-ರಿಂಗನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಬೇಗ ಒರೆಸಿ ಬಿಡಿ. ಹೊಸ ಸೆಟ್‌ಗೆ ಇನ್ನೊಂದು 1,100 ರೂ. ಬರಲು ಹತ್ತು ದಿನ.

ಜೂನ್ 24: ಕಿರಣ ಜೋಡಿಸುವುದು

ಓ-ರಿಂಗ್ ಬರುವವರೆಗೆ ಲೇಸರ್ ಕೆಲಸ. 1064 ಕಣ್ಣಿಗೆ ಕಾಣುವುದಿಲ್ಲ. ಹೊಳೆಯುವ ತಾಮ್ರಕ್ಕೆ ಬಿದ್ದು ತಿರುಗಿ ಬಂದ ಕಿರಣದ ತುಣುಕು ಸಾಕು, ಕಣ್ಣು ಹೋಗುತ್ತದೆ. ಆ ತರಂಗಕ್ಕೇ ಹೇಳಿಮಾಡಿಸಿದ ಕನ್ನಡಕ, ಬಾಗಿಲು ತೆರೆದರೆ ಲೇಸರ್ ನಿಲ್ಲುವ ಸ್ವಿಚ್, ಕೈಯಲ್ಲಿ ಉಂಗುರ ಗಡಿಯಾರ ಬೇಡ. ಇಷ್ಟು ಆಗದೆ ಸ್ವಿಚ್ ಒತ್ತಲಿಲ್ಲ. ಕಿರಣದ ದಾರಿಗೆ ಪೂರ್ತಿ ಕಪ್ಪು ಕೊಳವೆ ಹಾಕಿದೆ. ಸುರಕ್ಷತೆಗೆ ಒಳ್ಳೆಯದೇ. ಆದರೆ ಆ ಕೊಳವೆಯೊಳಗೆ ಲೆನ್ಸ್ ಏನು ಮಾಡುತ್ತಿದೆ ಅಂತ ಕಾಣದ ಹಾಗೂ ಆಯಿತು.

ಲೆನ್ಸ್ ಫೋಕಸ್ ದೂರ 30 ಸೆಂ.ಮೀ. ತಾಮ್ರವನ್ನು ಲೆನ್ಸಿನಿಂದ 26.2 ಸೆಂ.ಮೀ. ದೂರಕ್ಕೆ, ಅಂದರೆ ಫೋಕಸ್‌ಗಿಂತ 3.8 ಸೆಂ.ಮೀ. ಮುಂಚೆಯೇ ಇಟ್ಟೆ. ಲೆಕ್ಕಕ್ಕೆ ಚುಕ್ಕಿ 1 ಮಿ.ಮೀ. ಆಗಬೇಕು. ಕೊಳವೆ ಹಾಕುವ ಮುಂಚೆ ಬಿಲ್ ಪ್ರಿಂಟಾಗುವ ಥರ್ಮಲ್ ಪೇಪರ್ ಅಂಟಿಸಿ, ಕಿರಣದ ಬಲ ತೀರ ಇಳಿಸಿ ಒಂದು ಪಲ್ಸ್ ಹೊಡೆದೆ. ಕಪ್ಪು ಚುಕ್ಕಿ ಸುಮಾರು 1 ಮಿ.ಮೀ., ದುಂಡಗೆ. ಒಮ್ಮೆ ಕಾಗದವಿಲ್ಲದೆ ಪೂರ್ತಿ ಬಲಕ್ಕೆ ಏರಿಸಿದಾಗ ಫೋಕಸ್ ಇರುವಲ್ಲಿ ಗಾಳಿಯೇ ಸೀಳಿ 'ಟಪ್' ಅಂತ ಬೆಳ್ಳನೆ ಕಿಡಿ ಬಂತು. ಚೆನ್ನಾಗಿತ್ತು. ಇನ್ನೊಮ್ಮೆ ಮಾಡಿದೆ, ಸುಮ್ನೆ.

ಕಿರಣ ತಾಮ್ರಕ್ಕೆ 45 ಡಿಗ್ರಿ ಓರೆಯಾಗಿ ಬೀಳುತ್ತದೆ. ಎದುರಿನ ಜಾಗ ಪ್ಲಾಸ್ಮಾ ಅಳೆಯುವ ಪ್ರೋಬ್‌ಗೆ ಬೇಕಲ್ಲ. ಹಾಗಾಗಿ ತಾಮ್ರದ ಮೇಲೆ ಚುಕ್ಕಿ ಅಡ್ಡಕ್ಕೆ 1.4 ಮಿ.ಮೀ., ಉದ್ದಕ್ಕೆ 1 ಮಿ.ಮೀ. ಶಕ್ತಿ 80 ಮಿಲಿಜೂಲ್. ಭಾಗಿಸಿದರೆ ಚದರ ಸೆಂಟಿಮೀಟರಿಗೆ 7 ಜೂಲ್ ಚಿಲ್ಲರೆ. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದು ಚೌಕ ಹಾಕಿದೆ. ಮುಂದಿನ ಒಂದು ತಿಂಗಳು ಆ ಸಂಖ್ಯೆ ಸುಳ್ಳಾಗಿತ್ತು.

ಜೂನ್ 27: ತಡೆಯಲಾಗದೆ ಹೊಡೆದೆ

ಓ-ರಿಂಗ್ ಇನ್ನೂ ಬಂದಿರಲಿಲ್ಲ. ಸೋರುವ ಚೇಂಬರಿನಲ್ಲೇ, 0.09 ಮಿಲಿಬಾರ್‌ನಲ್ಲೇ ಹೊಡೆದು ನೋಡೋಣ ಅನ್ನಿಸಿತು.

ತಾಮ್ರ ಕಪ್ಪಾಗಿತ್ತು. ಅಜ್ಜಿ ಹಂಡೆ ತಿಕ್ಕುತ್ತಿದ್ದದ್ದು ನೆನಪಾಗಿ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಫಳಫಳ ಅಂತು. ಮೊದಲ ಹತ್ತಿಪ್ಪತ್ತು ಪೆಟ್ಟಿಗೆ ಕ್ಯಾಮೆರಾದಲ್ಲಿ ಹಳದಿ ಬೆಳಕು ಕಂಡಿತು. ತಾಮ್ರದ ಪ್ಲಾಸ್ಮಾ ಹಸಿರಾಗಿರಬೇಕು, 510 ಮತ್ತು 522 ನ್ಯಾನೊಮೀಟರ್ ಸುತ್ತ ಅದರ ಗೆರೆಗಳು. ಹಳದಿ ಎಲ್ಲಿಂದ? ಉಪ್ಪಿನ ಸೋಡಿಯಂ, 589. ಅಜ್ಜಿಯ ಹಂಡೆಗೆ ಸರಿ, ಇದಕ್ಕೆ ಅಲ್ಲ. ಆಮೇಲೆ 1200 ನಂಬರಿನ ಉಜ್ಜುಕಾಗದ, ನೀರು, ಕೊನೆಗೆ ಆಲ್ಕೊಹಾಲ್. ಅದೇ ಈಗಲೂ ನಡೆಯುತ್ತಿದೆ.

ಪ್ರೋಬ್ ಅಂದರೆ 2 ಮಿ.ಮೀ. ಚೌಕದ ತಾಮ್ರದ ತಗಡು, ಹಿಂಬದಿ ಮತ್ತು ತಂತಿ ಸೆರಾಮಿಕ್ ಕೊಳವೆಯೊಳಗೆ. ಅದಕ್ಕೆ ಮೈನಸ್ 36 ವೋಲ್ಟ್, ನಾಲ್ಕು 9 ವೋಲ್ಟ್ ಬ್ಯಾಟರಿ ಸಾಲಾಗಿ. ಎಲೆಕ್ಟ್ರಾನ್‌ಗಳನ್ನು ತಳ್ಳಿ ಅಯಾನುಗಳನ್ನು ಮಾತ್ರ ಹಿಡಿಯಲಿ ಅಂತ. ಪ್ಲಾಸ್ಮಾ ಬಂದು ತಾಗಿದಾಗ ಹರಿಯುವ ಕರೆಂಟನ್ನು 50 ಓಮ್ ಮೇಲೆ ಆಸಿಲೋಸ್ಕೋಪ್‌ನಲ್ಲಿ (ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ) ನೋಡುವುದು. ಪಲ್ಸ್ ಬಂದಾಗ ಚಾರ್ಜ್ ಥಟ್ಟನೆ ಒದಗಿಸಲು ಬ್ಯಾಟರಿಯ ಪಕ್ಕ 10 ಮೈಕ್ರೊಫ್ಯಾರಡ್ ಕೆಪಾಸಿಟರ್. ಎಲ್ಲ ಬ್ರೆಡ್‌ಬೋರ್ಡ್ ಮೇಲೆ, ತಂತಿಗಳು ಶಾವಿಗೆಯ ಹಾಗೆ.

ಪರದೆಯ ಮೇಲೆ ಒಂದು ಗುಡ್ಡ ಬರಬೇಕಿತ್ತು. ಎರಡು ಬಂದವು. ಮೊದಲು ಚೂಪಾದ ಚಿಕ್ಕದು, ಹಿಂದೆ ಅಗಲವಾದ ದೊಡ್ಡದು. "ಲೇಸರ್ ಎರಡು ಪಲ್ಸ್ ಉಗುಳುತ್ತಿದೆ" ಅಂತ ಬರೆದೆ. ಬೆಳಕು ಅಳೆಯುವ ಫೋಟೊಡಯೋಡ್ ಇಟ್ಟು ನೋಡಿದರೆ ಲೇಸರ್ ಒಂದೇ ಪಲ್ಸ್ ಕೊಡುತ್ತಿತ್ತು. ಲೇಸರ್ ಮೇಲಿನ ಅನುಮಾನ ಹೋಗಲಿಲ್ಲ. ಜುಲೈ 1ಕ್ಕೆ ಹೊಸ ಓ-ರಿಂಗ್ ಹಾಕಿ, ಟರ್ಬೊ ಓಡಿಸಿ, 2×10⁻⁵ ಮಿಲಿಬಾರ್ ಮುಟ್ಟಿದ ಮೇಲೆ ಎರಡನೇ ಗುಡ್ಡ ಮಾಯ. "ಲೇಸರ್ ತಾನಾಗಿ ಸರಿಹೋಯಿತು" ಅಂತ ಬರೆದಿದ್ದೇನೆ. ಯಾವ ಯಂತ್ರ ತಾನಾಗಿ ಸರಿಹೋಗುತ್ತದೆ ಹೇಳಿ?

ಜುಲೈ 2: ಸೊನ್ನೆಯಲ್ಲಿ ಒಂದು ಮುಳ್ಳು

ಲೇಸರ್ ಹೊಡೆದ ಕ್ಷಣದಲ್ಲೇ ಒಂದು ಎತ್ತರದ ಮುಳ್ಳು ಬರುತ್ತಿತ್ತು. ತಾಮ್ರದಿಂದ ಪ್ರೋಬ್‌ವರೆಗಿನ 7 ಸೆಂ.ಮೀ. ಅನ್ನು ಪ್ಲಾಸ್ಮಾ ಅಷ್ಟು ಬೇಗ ದಾಟಲು ಸಾಧ್ಯವಿಲ್ಲ. ಲೇಸರ್‌ನಲ್ಲಿ ಚಿಕ್ಕ ಪಲ್ಸ್ ಹೊರಡಿಸುವ ಕ್ಯೂ-ಸ್ವಿಚ್‌ಗೆ ಸಾವಿರಾರು ವೋಲ್ಟ್ ಹೋಗುತ್ತದೆ, ಅದರ ಗದ್ದಲ ಅಂದುಕೊಂಡೆ. ಕೇಬಲ್‌ಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿದೆ. ಆಸಿಲೋಸ್ಕೋಪ್‌ನ ಅರ್ಥಿಂಗ್ ಬದಲಿಸಿದೆ. ಫೆರೈಟ್ ಉಂಗುರ ಹಾಕಿದೆ. ಮುಳ್ಳು ಅರ್ಧಕ್ಕಿಳಿಯಿತು, ಹೋಗಲಿಲ್ಲ.

ಆಮೇಲೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಕಿರಣಕ್ಕೆ ಅಡ್ಡ ತಡೆ ಇಟ್ಟು ಲೇಸರ್ ಓಡಿಸಿದೆ. ಗದ್ದಲವಾದರೆ ಆಗಲೂ ಮುಳ್ಳು ಬರಬೇಕು. ಪೂರ್ತಿ ಹೋಯಿತು. ಅಂದರೆ ಉಳಿದರ್ಧ ಗದ್ದಲವೇ ಅಲ್ಲ. ಪ್ಲಾಸ್ಮಾದ ನೇರಳಾತೀತ ಬೆಳಕು ಪ್ರೋಬ್‌ಗೆ ತಾಗಿ ಅದರಿಂದ ಎಲೆಕ್ಟ್ರಾನ್ ಕಿತ್ತು ಹಾರಿಸುತ್ತಿದೆ. ಎಲೆಕ್ಟ್ರಾನ್ ಹೊರಗೆ ಹೋದರೂ ಅಯಾನು ಒಳಗೆ ಬಂದರೂ ಪರದೆಯ ಮೇಲೆ ಒಂದೇ ದಿಕ್ಕು. ಈಗ ಆ ಮುಳ್ಳನ್ನೇ ಸಮಯದ ಸೊನ್ನೆ ಅಂತ ಇಟ್ಟುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯ ಸೊನ್ನೆ ಸಿಗುವುದಿಲ್ಲ.

ಜುಲೈ 5: ಸೆಕೆಂಡಿಗೆ 27 ಕಿ.ಮೀ.

ಬ್ರೆಡ್‌ಬೋರ್ಡ್ ನೋಡಿ ನನಗೇ ನಾಚಿಕೆಯಾಗಿ, ಅಲ್ಯೂಮಿನಿಯಂ ಡಬ್ಬಿಯೊಳಗೆ ಎಲ್ಲ ಅಂದವಾಗಿ ಬೆಸುಗೆ ಹಾಕಿದೆ. 10 ಮೈಕ್ರೊಫ್ಯಾರಡ್ ಬದಲು ಚಿಕ್ಕ ಸೆರಾಮಿಕ್ ಕೆಪಾಸಿಟರ್, 0.1 ಮೈಕ್ರೊಫ್ಯಾರಡ್. ಚಿಕ್ಕದು ವೇಗವಾಗಿ ಕೆಲಸ ಮಾಡುತ್ತದೆ.

7 ಸೆಂ.ಮೀ. ದೂರದಲ್ಲಿ ಗುಡ್ಡದ ತುದಿ 2.6 ಮೈಕ್ರೊಸೆಕೆಂಡಿಗೆ ಬಂತು. ಸೆಕೆಂಡಿಗೆ 27 ಕಿ.ಮೀ. ವಾರದ ಸಭೆಯಲ್ಲಿ ಹೆಮ್ಮೆಯಿಂದ ತೋರಿಸಿದೆ. ಬ್ಯಾಟರಿ 9ರಿಂದ 18, 27, 36 ವೋಲ್ಟ್‌ಗೆ ಏರಿಸಿದಾಗ ಗುಡ್ಡವೂ ಎತ್ತರವಾಗುತ್ತದೆ ಅಂತಲೂ ತೋರಿಸಿದೆ. "ವೋಲ್ಟೇಜ್ ಜಾಸ್ತಿ, ಅಯಾನು ಜಾಸ್ತಿ" ಅಂದೆ. ಯಾರೂ ಏನೂ ಅನ್ನಲಿಲ್ಲ. ಚಹಾ ಬಂದಿತ್ತು.

ಜುಲೈ 9ರಿಂದ 23: ಗಾಜಿನ ಜಗಳ

ಪ್ರೋಬ್ ಒಂದು ಜಾಗದಲ್ಲಿ ಮಾತ್ರ ನೋಡುತ್ತದೆ. ಆಕಾರ ಬೇಕೆಂದರೆ ನ್ಯಾನೊಸೆಕೆಂಡ್ ಲೆಕ್ಕದಲ್ಲಿ ಚಿತ್ರ ತೆಗೆಯುವ ಐಸಿಸಿಡಿ ಕ್ಯಾಮೆರಾ ಬೇಕು, ಅದರ ಬೆಲೆಯ ಮಾತು ಬೇಡ. ಮೊಬೈಲಿನ ಸ್ಲೋ-ಮೋಷನ್ ಪ್ರಯತ್ನಿಸಿದೆ. ಸೆಕೆಂಡಿಗೆ 240 ಫ್ರೇಮ್, ಅಂದರೆ ಒಂದು ಫ್ರೇಮ್‌ಗೆ 4 ಸಾವಿರ ಮೈಕ್ರೊಸೆಕೆಂಡ್. ನನ್ನ ಪ್ಲಾಸ್ಮಾದ ಕಥೆ ಹತ್ತು ಮೈಕ್ರೊಸೆಕೆಂಡಿನೊಳಗೆ ಮುಗಿದಿರುತ್ತದೆ. ಒಂದು ಫ್ರೇಮಿನಲ್ಲಿ ಚುಕ್ಕಿ, ಮುಂದಿನದರಲ್ಲಿ ಕತ್ತಲೆ.

ಹಾಗಾಗಿ ಬಡವರ ದಾರಿ. ಪ್ರೋಬ್ ತೆಗೆದು ಅದೇ 7 ಸೆಂ.ಮೀ. ದೂರದಲ್ಲಿ, ತಾಮ್ರಕ್ಕೆ ಎದುರಾಗಿ ಗಾಜು ಇಡುವುದು. 3,000 ಪೆಟ್ಟು, ಐದು ನಿಮಿಷ. ಗಾಜಿನ ಮೇಲೆ ತಾಮ್ರ ಕೂರುತ್ತದೆ. ಹಿಂದಿನಿಂದ ಎಲ್‌ಇಡಿ ದೀಪ ಹಿಡಿದು ಫೋಟೊ ತೆಗೆದರೆ ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ಕಾಣುತ್ತದೆ.

ಮೊದಲ ಗಾಜಿನಲ್ಲೇ ಒಂದು ಸಂತೋಷ. ಕಲೆಯ ನಡು ಸರಿಯಾಗಿ ತಾಮ್ರದ ಎದುರಿಗೆ ಇತ್ತು. ಲೇಸರ್ 45 ಡಿಗ್ರಿ ಓರೆಯಿಂದ ಹೊಡೆದರೂ ಪ್ಲಾಸ್ಮಾ ಬಂದ ದಾರಿಗೆ ಸುಂಕವಿಲ್ಲ ಅಂತ ಹಿಂದಿರುಗುವುದಿಲ್ಲ, ಚೆಂಡಿನ ಹಾಗೆ ಇನ್ನೊಂದು ಓರೆಗೂ ಪುಟಿಯುವುದಿಲ್ಲ. ಮೇಲ್ಮೈಗೆ ನೆಟ್ಟಗೆ ಎದ್ದು ಬರುತ್ತದೆ.

ಸಂಕಟ ಆಕಾರದಲ್ಲಿತ್ತು. ಚುಕ್ಕಿ ಅಡ್ಡಕ್ಕೆ ಉದ್ದ, ಹಾಗಾಗಿ ಕಲೆಯೂ ಸ್ವಲ್ಪ ಅಡ್ಡಕ್ಕೆ ಅಗಲವಿರುತ್ತದೆ ಅಂತ ನನ್ನ ಊಹೆ. ಬಂದದ್ದು ಎತ್ತರ 38 ಮಿ.ಮೀ., ಅಗಲ 21 ಮಿ.ಮೀ. ನೆಟ್ಟಗೆ ನಿಂತ ಮೊಟ್ಟೆ. ಗಾಜು ಚೌಕ, ತೆಗೆಯುವಾಗ ತಿರುಗಿಸಿಬಿಟ್ಟೆ ಅಂದುಕೊಂಡೆ. ಎರಡನೆಯದೂ ಹಾಗೇ. ಮೂರನೆಯದಕ್ಕೆ ಮೂಲೆಯಲ್ಲಿ ಉಗುರುಬಣ್ಣದ ಚುಕ್ಕಿ ಇಟ್ಟೆ. ಮತ್ತೆ ನೆಟ್ಟಗೆ. ಆಗ ಹೋಲ್ಡರ್ ಮೇಲೆ ಅನುಮಾನ ಬಂತು. ಪೆಟ್ಟಿನ ಕಂಪನಕ್ಕೆ ಗಾಜು ಜಾರುತ್ತಿದೆ ಅಂತ ಹೊಸ ಕ್ಲಿಪ್ ಮಾಡಿಸಿದೆ. ಗ್ರಾಂ ಲೆಕ್ಕಕ್ಕೂ ಬಾರದ ಪ್ಲಾಸ್ಮಾ ಗಾಜನ್ನು 90 ಡಿಗ್ರಿ ತಿರುಗಿಸುತ್ತದೆ ಅಂತ ನಂಬಿದ ಮನುಷ್ಯ ನಾನು.

ನಡುವೆ ಜುಲೈ 14ಕ್ಕೆ ಕರೆಂಟ್ ಹೋಯಿತು. ರೋಟರಿ ಪಂಪಿನ ಬಾಯಿಗೆ ತಾನಾಗಿ ಮುಚ್ಚುವ ವಾಲ್ವ್ ಇರಲಿಲ್ಲ. ಚೇಂಬರಿನ ವ್ಯಾಕ್ಯೂಮ್ ಪಂಪಿನ ಎಣ್ಣೆಯನ್ನು ಹಿಂದಕ್ಕೆ ಹೀರಿತು. ಪೈಪು, ಗೋಡೆ, ತಾಮ್ರ, ಎಲ್ಲ ಕಡೆ ಎಣ್ಣೆಯ ಜಿಡ್ಡು. ಮೂರು ದಿನ ಒರೆಸುವ ಕೆಲಸ. ಮತ್ತೆ ಪ್ರೋಬ್ ಹಾಕಿ ನೋಡಿದರೆ ಗುಡ್ಡಕ್ಕಿಂತ ಬಹಳ ಮುಂಚೆ, 1 ಮೈಕ್ರೊಸೆಕೆಂಡಿನ ಹತ್ತಿರ, ಪುಟ್ಟ ಗುಬ್ಬಿಯಂಥ ಇನ್ನೊಂದು ಉಬ್ಬು. ಎಣ್ಣೆಯ ಹೈಡ್ರೋಜನ್. ಹಗುರವಾದದ್ದು ಮೊದಲು ಓಡಿ ಬರುತ್ತದೆ. ಒಂದೇ ಕಡೆ 500 ಪೆಟ್ಟು ಹೊಡೆದು ಜಿಡ್ಡು ಸುಟ್ಟ ಮೇಲೆ ಅದು ಹೋಯಿತು. ಈಗ ಪ್ರತಿ ಅಳತೆಗೆ ಮುಂಚೆ ಆ ಉಬ್ಬು ಇದೆಯೋ ಅಂತ ನೋಡುತ್ತೇನೆ. ತಾಮ್ರ ಶುಚಿಯಾಗಿದೆಯೇ ಅಂತ ತಿಳಿಯಲು ಅದೇ ಸುಲಭ.

ಒರೆಸಲು ತಾಮ್ರ ಹೊರಗೆ ತೆಗೆದಿದ್ದೆನಲ್ಲ, ಆಗಲೂ ಅದರ ಮೇಲಿನ ಗುಳಿ ನೋಡಲಿಲ್ಲ. ಜುಲೈ 20ಕ್ಕೆ 10 ಪಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಅಡ್ಡಕ್ಕೆ 1.2 ಮಿ.ಮೀ., ಉದ್ದಕ್ಕೆ 0.4 ಮಿ.ಮೀ.! ನಾನು ಅಂದುಕೊಂಡದ್ದು 1.4 ಮತ್ತು 1. ಚುಕ್ಕಿ ಗೆರೆಯ ಹಾಗೆ ಮಲಗಿತ್ತು. ಕಪ್ಪು ಕೊಳವೆ ಬಿಚ್ಚಿದೆ. ಲೆನ್ಸ್ ಹೋಲ್ಡರಿನ ಕೆಳಗಿನ ಸ್ಕ್ರೂ ಸಡಿಲ. ಕೊಳವೆಯ ಭಾರ ಬಿದ್ದು ಲೆನ್ಸ್ ಸುಮಾರು 15 ಡಿಗ್ರಿ ಮುಂದಕ್ಕೆ ಬಾಗಿ, ಊಟವಾದ ಮೇಲಿನ ಕ್ಲಾಸಿನಲ್ಲಿ ಕೂತವರ ಹಾಗೆ ತೂಕಡಿಸುತ್ತಿತ್ತು. ಬಾಗಿದ ಲೆನ್ಸ್ ಉದ್ದಕ್ಕೂ ಅಡ್ಡಕ್ಕೂ ಬೇರೆ ಬೇರೆ ದೂರದಲ್ಲಿ ಫೋಕಸ್ ಮಾಡುತ್ತದೆ. ಕಣ್ಣಿಗೆ ಕಾಣುವಷ್ಟು ಬಾಗಿತ್ತು. ಕಣ್ಣು ಹಾಕಿದವರಿಲ್ಲ. ಥರ್ಮಲ್ ಪೇಪರ್ ಪರೀಕ್ಷೆ ಜೂನ್ 24ಕ್ಕೆ ಕೊಳವೆ ಹಾಕುವ ಮುಂಚೆ ಒಮ್ಮೆ ಮಾಡಿ ಬಿಟ್ಟಿದ್ದೆ. ನನ್ನ ದೊಡ್ಡ ತಪ್ಪು ಇದು. ಈಗ ಪ್ರತಿ ಸೋಮವಾರ ಬೆಳಗ್ಗೆ ಒಂದು ಚುಕ್ಕಿ ಸುಟ್ಟು, ದಿನಾಂಕ ಬರೆದು ನೋಟ್‌ಬುಕ್ಕಿಗೆ ಅಂಟಿಸುತ್ತೇನೆ.

ಮೊದಲ ಪುಟದ 7 ಜೂಲ್ ಅಲ್ಲ, ನಾನು ಹೊಡೆಯುತ್ತಿದ್ದದ್ದು ಚದರ ಸೆಂಟಿಮೀಟರಿಗೆ 21 ಜೂಲ್.

ಒಂದು ಗಂಟು ಮಾತ್ರ ಬಿಚ್ಚಲಿಲ್ಲ. ಚುಕ್ಕಿ ಅಡ್ಡಕ್ಕೆ ಮಲಗಿದೆ, ಕಲೆ ನೆಟ್ಟಗೆ ನಿಂತಿದೆ. ಚುಕ್ಕಿ ಕೆಟ್ಟದ್ದು ಗೊತ್ತಾದ ಮೇಲೆ ವಿಚಿತ್ರ ಇನ್ನೂ ಜಾಸ್ತಿಯಾಯಿತು. ಪಕ್ಕದ ಲ್ಯಾಬಿನ ಹಿರಿಯರೊಬ್ಬರಿಗೆ ಎರಡನ್ನೂ ತೋರಿಸಿದೆ. ಅವರು ನಕ್ಕರು. "ಅದು ಹಾಗೇ ಇರಬೇಕು" ಅಂದರು.

ಅವರು ಮೇಜಿನ ಮೇಲೆ ಬೆರಳಲ್ಲಿ ಬರೆದು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. 7 ನ್ಯಾನೊಸೆಕೆಂಡ್ ಮುಗಿಯುವ ಹೊತ್ತಿಗೆ ಪ್ಲಾಸ್ಮಾ ಕಾವಲಿಯ ಮೇಲಿನ ದೋಸೆಯ ಹಾಗೆ ಇರುತ್ತದೆ. ಅಗಲ ಮಿಲಿಮೀಟರ್ ಲೆಕ್ಕ, ದಪ್ಪ ಅದರ ಹತ್ತರಲ್ಲೊಂದು ಭಾಗ. ಒಳಗೆ ಒತ್ತಡ ಭಾರಿ, ಹೊರಗೆ ಏನೂ ಇಲ್ಲ. ಎಲ್ಲಿ ಮೈ ಸಣ್ಣದೋ ಅಲ್ಲಿ ಒತ್ತಡ ಥಟ್ಟನೆ ಇಳಿಯುತ್ತದೆ, ಅಲ್ಲಿಗೇ ಜೋರಾದ ತಳ್ಳು. ಎಲ್ಲಕ್ಕಿಂತ ಸಣ್ಣದು ದಪ್ಪ, ಹಾಗಾಗಿ ಮೇಲ್ಮೈಗೆ ನೆಟ್ಟಗೆ ಹೊರಗೆ ಚಿಮ್ಮುವುದು ಜಾಸ್ತಿ. ಲೇಸರ್ ಯಾವ ಓರೆಯಿಂದ ಬಂದರೂ ಸರಿ. ಎರಡನೆಯ ಸಣ್ಣದು ನನ್ನ ಚುಕ್ಕಿಯ 0.4 ಮಿ.ಮೀ., ಅದು ಮೇಲೆ-ಕೆಳಗಿನ ದಿಕ್ಕು. ಆ ಕಡೆಗೂ ಚೆನ್ನಾಗಿ ಹರಡುತ್ತದೆ. 1.2 ಮಿ.ಮೀ. ಇದ್ದ ಅಡ್ಡ ದಿಕ್ಕಿಗೆ ತಳ್ಳು ಕಡಿಮೆ. ಅಡ್ಡ ಚುಕ್ಕಿಗೆ ಉದ್ದ ಕಲೆ. ಮೊದಲ ಗಾಜಿನ ಸಂತೋಷ, ಆಮೇಲಿನ ಜಗಳ, ಎರಡಕ್ಕೂ ಕಾರಣ ಒಂದೇ.

ಜುಲೈ 26: ಖಾತ್ರಿ

ನಂಬಿಕೆ ಬರಲಿಲ್ಲ. ಸಿಲಿಂಡ್ರಿಕಲ್ ಲೆನ್ಸ್ ಸಾಲ ತಂದೆ. ತಾಮ್ರದ ಮೇಲೆ 5 ಮಿ.ಮೀ. ಉದ್ದದ, 0.4 ಮಿ.ಮೀ. ಅಗಲದ ಗೆರೆ ಬೀಳುವ ಹಾಗೆ ಜೋಡಿಸಿದೆ. ಗೆರೆ ನೆಟ್ಟಗೆ ಇಟ್ಟಾಗ ಗಾಜಿನ ಕಲೆ ಅಡ್ಡಕ್ಕೆ ಮಲಗಿತು. ಲೆನ್ಸನ್ನು 90 ಡಿಗ್ರಿ ತಿರುಗಿಸಿ ಗೆರೆ ಅಡ್ಡಕ್ಕೆ ಮಾಡಿದೆ, ಕಲೆ ನೆಟ್ಟಗೆ ಎದ್ದು ನಿಂತಿತು. ಉಗುರುಬಣ್ಣದ ಚುಕ್ಕಿ ಎರಡರಲ್ಲೂ ಒಂದೇ ಮೂಲೆಯಲ್ಲಿ. ಆ ಎರಡು ಗಾಜು ಈಗ ನನ್ನ ಮೇಜಿನ ಮೇಲಿವೆ. ಬಂದವರಿಗೆಲ್ಲ ತೋರಿಸುತ್ತೇನೆ.

ಹಳೆಯ ಲೆನ್ಸಿಗೆ ಹೊಸ ಹೋಲ್ಡರ್ ಹಾಕಿ ಸರಿ ಮಾಡಿದ ಮೇಲೂ ಕಲೆ ಪೂರ್ತಿ ದುಂಡಗಾಗಲಿಲ್ಲ. ಎತ್ತರ 31, ಅಗಲ 27. ಓರೆ ಕಿರಣದ 1.4 ಇನ್ನೂ ಇದೆಯಲ್ಲ. ಇರಲಿ.

ಜುಲೈ 30: 40 ರೂಪಾಯಿಯ ಸಾಮಾನು

ಲೆನ್ಸ್ ಸರಿಯಾದ ಮೇಲೆ ಮತ್ತೆ ಪ್ರೋಬ್. ಸಂಖ್ಯೆಗಳು ಇನ್ನೂ ಅಸಹ್ಯ. ಲೇಸರ್ ಶಕ್ತಿ ಏರಿಸಿದರೆ ಗುಡ್ಡ ಎತ್ತರವಾಗುವ ಬದಲು ಎಡಕ್ಕೆ ಸರಿಯುತ್ತಿತ್ತು. ತುದಿಯಾದ ಮೇಲೆ ನಿಧಾನವಾಗಿ ಇಳಿಯಬೇಕಾದ ಗೆರೆ ಕೊಡಲಿಯಲ್ಲಿ ಕಡಿದ ಹಾಗೆ ಬೀಳುತ್ತಿತ್ತು. ಆಗ ಹಳೆಯ ಮಾತೂ ಚುಚ್ಚಿತು. ಅಯಾನು ಹಿಡಿಯುವ ಪ್ರೋಬ್‌ಗೆ ಒಂದು ಮಿತಿ ದಾಟಿದ ಮೇಲೆ ವೋಲ್ಟೇಜ್ ಏರಿಸಿದರೂ ಕರೆಂಟ್ ಹೆಚ್ಚು ಬದಲಾಗಬಾರದು. ನನ್ನದು ಬ್ಯಾಟರಿಯ ಜೊತೆ ಏರುತ್ತಲೇ ಇತ್ತು. ಅದನ್ನೇ ಸಭೆಯಲ್ಲಿ ಹೆಮ್ಮೆಯಿಂದ ತೋರಿಸಿದ್ದೆ.

ಡಬ್ಬಿ ಬಿಚ್ಚಿದೆ. ಕೆಪಾಸಿಟರ್ ಮೇಲೆ 102 ಅಂತಿತ್ತು. ಬೇಕಾದದ್ದು 104. ಅಂದರೆ 0.1 ಮೈಕ್ರೊಫ್ಯಾರಡ್ ಬದಲು ಅದರ ನೂರರಲ್ಲೊಂದು ಭಾಗ, 1 ನ್ಯಾನೊಫ್ಯಾರಡ್. 36 ವೋಲ್ಟ್‌ನಲ್ಲಿ ಅದು ಹಿಡಿಯುವ ಚಾರ್ಜ್ 36 ನ್ಯಾನೊಕೂಲಂ. ನನ್ನ ಒಂದು ಪಲ್ಸ್ ಕೇಳುತ್ತಿದ್ದದ್ದು ಸುಮಾರು 130. ಚೊಂಬಿನ ನೀರಲ್ಲಿ ಹಂಡೆ ತುಂಬಿಸಲು ಹೋಗಿದ್ದೆ. ಅರ್ಧ ದಾರಿಯಲ್ಲೇ ಚಾರ್ಜ್ ಖಾಲಿ, ಪ್ರೋಬ್ ಸುಸ್ತಾಗಿ ಕೂತುಬಿಡುತ್ತದೆ. ಏರುತ್ತಿದ್ದ ಗುಡ್ಡ ನಡುವೆಯೇ ಕಡಿದುಹೋಗಿ ತುದಿ ಬೇಗ ಬಂದ ಹಾಗೆ ಕಾಣುತ್ತದೆ. 27 ಕಿ.ಮೀ. ವೇಗ ತಾಮ್ರದ್ದಲ್ಲ, ಕೆಪಾಸಿಟರ್‌ದು.

ಶಾವಿಗೆಯ ಬ್ರೆಡ್‌ಬೋರ್ಡ್ ಸರಿಯಿತ್ತು. ಅಂದದ ಡಬ್ಬಿ ಕೆಡಿಸಿತು. ಜುಲೈ 5ರಿಂದ 30ರವರೆಗಿನ ಪ್ರೋಬ್ ಅಂಕಿಗಳೆಲ್ಲ ಕಸದ ಬುಟ್ಟಿಗೆ. ಲೆನ್ಸಿನ ತಪ್ಪು ಎಷ್ಟು, ಕೆಪಾಸಿಟರಿನ ತಪ್ಪು ಎಷ್ಟು ಅಂತ ಬೇರೆ ಮಾಡುವ ದಾರಿ ಇಲ್ಲ. ಮುಂದಿನ ಸಭೆಯಲ್ಲಿ ಹೇಳಿದೆ. ಈ ಸಲ ಎಲ್ಲರೂ ಮಾತಾಡಿದರು.

ಆಗಸ್ಟ್ 4: ಸರಿಯಾದ ಅಂಕಿ

104 ಹಾಕಿದೆ. 18 ವೋಲ್ಟ್ ದಾಟಿದ ಮೇಲೆ ಗುಡ್ಡ ಬೆಳೆಯುವುದು ಹೆಚ್ಚುಕಡಿಮೆ ನಿಂತಿತು. ಮೂರು ದೂರದಲ್ಲಿ ಅಳೆದೆ, ಪ್ರತಿಯೊಂದೂ 64 ಪೆಟ್ಟಿನ ಸರಾಸರಿ.

5 ಸೆಂ.ಮೀ.: ತುದಿ 2.6 ಮೈಕ್ರೊಸೆಕೆಂಡಿಗೆ, ಎತ್ತರ 3.1 ವೋಲ್ಟ್.
7 ಸೆಂ.ಮೀ.: 3.7 ಮೈಕ್ರೊಸೆಕೆಂಡ್, 1.3 ವೋಲ್ಟ್.
10 ಸೆಂ.ಮೀ.: 5.3 ಮೈಕ್ರೊಸೆಕೆಂಡ್, 0.47 ವೋಲ್ಟ್.

ದೂರಕ್ಕೂ ಸಮಯಕ್ಕೂ ಗೆರೆ ಎಳೆದರೆ ನೇರ. ಅಂದರೆ ತಾಮ್ರ ಬಿಟ್ಟು ಸ್ವಲ್ಪ ದೂರ ಬಂದ ಮೇಲೆ ಪ್ಲಾಸ್ಮಾ ಒಂದೇ ವೇಗದಲ್ಲಿ ಹೋಗುತ್ತದೆ. ತಳ್ಳು ಎಲ್ಲ ಮೊದಲ ಕೆಲವು ಮಿಲಿಮೀಟರಿನಲ್ಲೇ ಮುಗಿದಿರುತ್ತದೆ. ವೇಗ ಸೆಕೆಂಡಿಗೆ 18.5 ಕಿ.ಮೀ. ಬೆಂಗಳೂರಿನಿಂದ ಮೈಸೂರಿಗೆ ಎಂಟು ಸೆಕೆಂಡ್, ಮದ್ದೂರಿನಲ್ಲಿ ವಡೆಗೆ ನಿಲ್ಲದಿದ್ದರೆ. ಒಂದು ತಾಮ್ರದ ಅಯಾನಿನ ಶಕ್ತಿ ಲೆಕ್ಕ ಹಾಕಿದರೆ ಸುಮಾರು 113 ಎಲೆಕ್ಟ್ರಾನ್‌ವೋಲ್ಟ್. ಹೊಡೆದ ಲೇಸರ್‌ನ ಒಂದು ಫೋಟಾನ್ 1.17 ಮಾತ್ರ.

ಎತ್ತರದ ಲೆಕ್ಕವೂ ಹೆಚ್ಚುಕಡಿಮೆ ಕೂಡಿತು. ಅಡೆತಡೆ ಇಲ್ಲದೆ ಮೂರೂ ದಿಕ್ಕಿಗೆ ಹಿಗ್ಗುವ ಪ್ಲಾಸ್ಮಾ ದೂರ ಎರಡು ಪಟ್ಟಾದರೆ ಎಂಟು ಪಟ್ಟು ತೆಳುವಾಗಬೇಕು. ನನಗೆ 6.6 ಪಟ್ಟು ಬಂತು. ಪ್ರೋಬ್ ನೇರ ಎದುರಿಗೆ ಇಲ್ಲದಿದ್ದರೆ ಇಷ್ಟು ವ್ಯತ್ಯಾಸ ಬರಬಹುದು. ಅದನ್ನು ಇನ್ನೂ ಬಗೆಹರಿಸಿಲ್ಲ.

ಆಗಸ್ಟ್ 12: ಗಾಳಿ ಬಿಟ್ಟು ನೋಡಿದ್ದು

ಸೂಜಿ ವಾಲ್ವ್‌ನಿಂದ ಬೇಕೆಂದೇ ಚೂರು ಚೂರು ಗಾಳಿ ಬಿಟ್ಟೆ. ಪ್ರೋಬ್ 7 ಸೆಂ.ಮೀ. 10⁻³ ಮಿಲಿಬಾರ್‌ವರೆಗೆ ಏನೂ ಬದಲಾಗಲಿಲ್ಲ. 0.1ರ ಹತ್ತಿರ ಬಂದಾಗ ಗುಡ್ಡ ನಿಧಾನಕ್ಕೆ ಸೀಳಿತು. ಮೊದಲನೆಯದು 3.9 ಮೈಕ್ರೊಸೆಕೆಂಡಿಗೆ ಚೂಪಾಗಿ, ಎರಡನೆಯದು 9ರ ಹತ್ತಿರ ಅಗಲವಾಗಿ.

ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿ ಹಳೆಯ ಪುಟ ತಿರುವಿದೆ. ಜೂನ್ 27. ಸೋರುವ ಓ-ರಿಂಗ್, 0.09 ಮಿಲಿಬಾರ್, "ಲೇಸರ್ ಎರಡು ಪಲ್ಸ್ ಉಗುಳುತ್ತಿದೆ". ಲೇಸರ್ ಪಾಪದ್ದು. ಮುಂದೆ ಓಡಿದ ಅಯಾನುಗಳು ಗಾಳಿಯ ನಡುವೆ ನುಸುಳಿ ಮೊದಲಿನ ವೇಗದಲ್ಲೇ ಬರುತ್ತವೆ. ಹಿಂದಿನವು ಗಾಳಿಯ ಅಣುಗಳಿಗೆ ಢಿಕ್ಕಿ ಹೊಡೆದು, ಅವನ್ನೂ ತಳ್ಳಿಕೊಂಡು, ಸುಸ್ತಾಗಿ ತಡವಾಗಿ ಬರುತ್ತವೆ. ಪ್ಲಾಸ್ಮಾದ ಮೋಡ (ಪ್ಲೂಮ್) ಸೀಳುವುದನ್ನು ನಾನು ಮೊದಲ ದಿನವೇ ನೋಡಿದ್ದೆ. ರಿಪೇರಿ ಮಾಡಿ ಓಡಿಸಿಬಿಟ್ಟಿದ್ದೆ!

1 ಮಿಲಿಬಾರ್‌ಗೆ ಹೋದಾಗ ಪ್ರೋಬ್‌ಗೆ ಹೇಳಿಕೊಳ್ಳುವಂಥದ್ದು ಏನೂ ತಲುಪಲಿಲ್ಲ. ಆದರೆ ಕ್ಯಾಮೆರಾ ಚಿತ್ರ ಬೇರೆಯೇ. 2×10⁻⁵ನಲ್ಲಿ ತಾಮ್ರಕ್ಕೆ ಅಂಟಿದ ಮಂಕು ಚುಕ್ಕಿಯಷ್ಟೇ ಇತ್ತು. ಇಲ್ಲಿ ಸುಮಾರು 2 ಸೆಂ.ಮೀ. ಗಾತ್ರದ, ಅಂಚು ಕತ್ತರಿಸಿದಂತಿರುವ ಹೊಳೆಯುವ ಹಸಿರು ಗುಂಡು. ಗಾಳಿ ಗೋಡೆಯ ಹಾಗೆ ತಡೆಯುತ್ತದೆ. ಒಳಗೆ ಕೂಡಿಹಾಕಿದ ಪ್ಲಾಸ್ಮಾ ಜಾಸ್ತಿ ಹೊತ್ತು ಬೆಳಗುತ್ತದೆ.

ಇದನ್ನು ನೋಡುವಾಗ ಪ್ರಜ್ಞಾನ್ ರೋವರ್ ನೆನಪಾಯಿತು. ಅದರಲ್ಲಿದ್ದ ಲಿಬ್ಸ್ ಉಪಕರಣ ಬೆಂಗಳೂರಿನ ಇಸ್ರೊ ಪ್ರಯೋಗಾಲಯ ಲಿಯೋಸ್‌ನಲ್ಲಿ ಮಾಡಿದ್ದು. 2023ರ ಆಗಸ್ಟ್‌ನಲ್ಲಿ ಚಂದ್ರನ ದಕ್ಷಿಣ ಧ್ರುವದ ಬಳಿಯ ಮಣ್ಣಿಗೆ ಲೇಸರ್ ಹೊಡೆದು, ಪ್ಲಾಸ್ಮಾದ ಬೆಳಕು ಓದಿ ಗಂಧಕ ಇದೆ ಅಂತ ಹೇಳಿತು. ಮಂಗಳದ ಮೇಲೆ ನಾಸಾದ ಕ್ಯೂರಿಯಾಸಿಟಿ ರೋವರ್ 2012ರಿಂದ ಇದೇ ಕೆಲಸ ಮಾಡುತ್ತಿದೆ. ಅಲ್ಲಿ ತಡೆಯಲು ಆರೇಳು ಮಿಲಿಬಾರ್ ಗಾಳಿಯಾದರೂ ಇದೆ. ಚಂದ್ರನ ಮೇಲೆ ಏನೂ ಇಲ್ಲ. ನನ್ನ ಮಂಕು ಚುಕ್ಕಿಯಂಥ ಬೆಳಕಿನಲ್ಲೇ ಓದಬೇಕು. ಆ ಕೆಲಸ ಮಾಡಿದವರ ಮೇಲೆ ಗೌರವ ಈ ಮಧ್ಯಾಹ್ನ ಇನ್ನೂ ಹೆಚ್ಚಾಯಿತು.

ಆಗಸ್ಟ್ 24: ಈಗ ನಿಂತಿರುವುದು ಇಲ್ಲಿ

ಎರಡು ದಿನದಿಂದ ಗುಡ್ಡ ಕುಗ್ಗುತ್ತಿದೆ. ಕಾರಣ ಹುಡುಕಲು ಈ ಸಲ ಒಂದೇ ಗಂಟೆ ಹಿಡಿಯಿತು. ಲೇಸರ್ ಒಳಬರುವ ಕಿಟಕಿಗೆ ತಾಮ್ರದ ಮಬ್ಬು ಹತ್ತಿದೆ, ಒಳಗೆ ತಲುಪುವ ಶಕ್ತಿ 80ರಿಂದ 61 ಮಿಲಿಜೂಲ್‌ಗೆ ಇಳಿದಿದೆ. ಒಂದೇ ಜಾಗಕ್ಕೆ 4,000 ಪೆಟ್ಟು ಹೊಡೆದು ಆಳವಾದ ಗುಳಿಯಾಗಿದೆ. ಗುಳಿಯ ತಳ ಓರೆ, ಹಾಗಾಗಿ ಪ್ಲಾಸ್ಮಾ ನೆಟ್ಟಗೆ ಬರುವುದು ಬಿಟ್ಟು ಲೇಸರ್ ಬಂದ ಕಡೆಗೆ, ಅಂದರೆ ಕಿಟಕಿಯ ಕಡೆಗೆ ವಾಲುತ್ತಿದೆ. ಕಿಟಕಿಗೆ ಇನ್ನಷ್ಟು ಮಬ್ಬು.

ತಾಮ್ರ ತಿರುಗುತ್ತಿರಬೇಕು. ಚಿಕ್ಕ ಸ್ಟೆಪ್ಪರ್ ಮೋಟರ್ ಒಳಗೇ ಇಟ್ಟು ನೋಡಿದೆ. ವ್ಯಾಕ್ಯೂಮಿನಲ್ಲಿ ಅದಕ್ಕೆ ತಂಪು ಮಾಡುವ ಗಾಳಿ ಇಲ್ಲ. ಇಪ್ಪತ್ತು ನಿಮಿಷಕ್ಕೆ ಮುಟ್ಟಲಾಗದಷ್ಟು ಬಿಸಿ, ಗೇಜ್‌ನಲ್ಲಿ ಒತ್ತಡ ಹತ್ತು ಪಟ್ಟು ಏರಿತು, ಬಿಚ್ಚಿದರೆ ವಾರ್ನಿಷ್ ವಾಸನೆ. ಮೋಟರ್ ಹೊರಗಿರಲಿ, 8 ಮಿ.ಮೀ. ಸ್ಟೀಲ್ ಕಂಬಿ ಮಾತ್ರ ಎರಡು ಓ-ರಿಂಗ್ ನಡುವೆ ಒಳಗೆ ಹೋಗಲಿ ಅಂತ ಚಿತ್ರ ಬರೆದು ಲೇತ್‌ನವರಿಗೆ ಕೊಟ್ಟಿದ್ದೇನೆ. ಇಲ್ಲಿಯವರೆಗೆ ಖರ್ಚು 17 ಸಾವಿರ ಚಿಲ್ಲರೆ, ಇದಕ್ಕೆ ಇನ್ನೂ 2,500 ಕೇಳಿದ್ದಾರೆ. ಶನಿವಾರ ಕೊಡುತ್ತಾರಂತೆ. ಓ-ರಿಂಗ್ ತಂದಿಟ್ಟಿದ್ದೇನೆ, ಅಸಿಟೋನ್ ಬಾಟಲಿಯನ್ನು ಬೇರೆ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ.